ತಟ್ಟೆಯ ಅಡಿಯ ಹೆಸರು

ದುರ್ಗದಲ್ಲಿ ಹಳೇ ಬೆಳ್ಳಿ ಪಾತ್ರೆಯ ಯೋಗ್ಯತೆ ತಿಳಿಯಬೇಕೆಂದರೆ ನಜೀರ್ ಅಹಮದರ ಅಂಗಡಿಗೇ ಬರಬೇಕು. ತೂಕ ಹೇಳುವವರು ಬೀದಿಗೆ ನಾಲ್ಕು ಜನ ಸಿಗುತ್ತಾರೆ. ನಜೀರ್ ತಕ್ಕಡಿ ಮುಟ್ಟುವುದು ಕೊನೆಗೆ. ಮೊದಲು ಪಾತ್ರೆಯನ್ನು ಬೋರಲು ಹಾಕುತ್ತಾರೆ, ಉಗುರಿನಿಂದ ತಟ್ಟಿ ಸದ್ದು ಕೇಳುತ್ತಾರೆ, ಅಂಚು ಸವೆದದ್ದು ಉಂಡು ತೊಳೆದೋ ಬೇಕೆಂದೇ ಉಜ್ಜಿಯೋ ಎಂದು ನೋಡುತ್ತಾರೆ. ಅಪರೂಪವಾದ ಮಾತ್ರಕ್ಕೆ ಬೆಲೆ ಬರುವುದಿಲ್ಲ ಎನ್ನುವುದು ಅವರ ಪಾಠ. ಮಗುವಿಗೆ ಹಾಲು ಕುಡಿಸುವ ಬೆಳ್ಳಿ ಒಳಲೆ ಈಗ ಹುಡುಕಿದರೂ ಸಿಗದು, ಆದರೆ ಬೇಕೆನ್ನುವವರೂ ಇಲ್ಲ. ಪನ್ನೀರುದಾನಿ ಎಲ್ಲರಿಗೂ ಬೇಕು, ಆದರೆ ಮನೆಗೊಂದು ಬಿದ್ದಿದೆ. ಅಪರೂಪವೂ ಆಗಿ ನಾಲ್ಕು ಜನ ಬಯಸುವ ಸಾಮಾನು ವರ್ಷಕ್ಕೊಂದು ಬಂದರೆ ಹೆಚ್ಚು. ಆದರೂ ಬಂದವರೆಲ್ಲ ತಮ್ಮ ಅಜ್ಜಿಯ ಲೋಟವೇ ಲಕ್ಷದ್ದು ಅನ್ನುತ್ತಾರೆ. ಹೆತ್ತವರಿಗೆ ಹೆಗ್ಗಣ ಮುದ್ದು.

ನಜೀರರಿಗೂ ಅಂಥದ್ದೊಂದು ಮುದ್ದು ಇತ್ತು. ಅವರ ಅಜ್ಜ ಬುಡನ್ ಸಾಬರು ಕೆತ್ತಿದ ಊಟದ ತಟ್ಟೆಗಳು ಒಂದು ಕಾಲಕ್ಕೆ ಹೊಸದುರ್ಗ, ಹೊಳಲ್ಕೆರೆ ಸೀಮೆಯ ದೊಡ್ಡ ಮನೆಗಳಲ್ಲೆಲ್ಲ ಇದ್ದವಂತೆ. ಅಂಚಿನ ಬಳ್ಳಿ ಸುತ್ತಿ ಬಂದು ಕೂಡುವಲ್ಲಿ ಹಿಂತಿರುಗಿ ನೋಡುವ ಒಂದು ಗಿಣಿ. ಅಡಿಯಲ್ಲಿ ಮನೆಯವರ ಹೆಸರು, ಅದರ ಕೆಳಗೆ ಸಣ್ಣಕ್ಷರದಲ್ಲಿ ಅಜ್ಜನ ಹೆಸರು. ಅಪ್ಪ ಹೇಳಿದ್ದು ಇಷ್ಟು. ನಲವತ್ತು ವರ್ಷ ಹುಡುಕಿದರೂ ಒಂದೂ ಕೈಗೆ ಬಂದಿರಲಿಲ್ಲ. ಗಿರಾಕಿಗಳಿಗೆ ಫೋನಿನಲ್ಲಿ ಫೋಟೋ ಕಳಿಸುವ ಮಗಳು ರೆಹಾನಾ, “ನಿಮ್ಮ ದಾದಾ ತಟ್ಟೆ ಕೆತ್ತಿದ್ದು ನಿಜಾನಾ ಅಬ್ಬಾ, ಬರೀ ಕಥೆನಾ?” ಎಂದು ಕಾಡುತ್ತಿದ್ದಳು. ನಜೀರ್ ನಗುತ್ತಿದ್ದರು, ಆದರೆ ಮಾತು ಚುಚ್ಚುತ್ತಿತ್ತು. ಕಣ್ಣು ಮುಚ್ಚುವುದರೊಳಗೆ ಅಜ್ಜನ ಹೆಸರಿರುವ ಒಂದು ತಟ್ಟೆ ನೋಡಬೇಕೆಂಬುದು ಅವರ ಒಂದೇ ಆಸೆ.

ಒಂದು ಸೋಮವಾರ ಮತ್ತೋಡಿನ ಹೊನ್ನಕ್ಕ ಬಸ್ಸಿಳಿದು ಅಂಗಡಿಗೆ ಬಂದರು. ಎಪ್ಪತ್ತು ದಾಟಿದ ಹೆಂಗಸು, ಮಾತು ನೇರ. ಟವೆಲ್ಲಿನಲ್ಲಿ ಸುತ್ತಿದ್ದ ತಟ್ಟೆಯನ್ನು ಬಿಚ್ಚಿ ಮುಂದಿಟ್ಟರು.

“ಮೊಮ್ಮಗಳು ಪ್ರೀತಿ ಫೋನಾಗೆ ನೋಡಿ, ಹಳೇ ತಟ್ಟೆಗೆ ಭಾರಿ ರೇಟೈತೆ ಅಂದ್ಲು. ಏನ್ ಬಾಳ್ತೈತೆ ನೋಡ್ರಿ ಸಾಬ್ರೆ. ಕೊಡಾದೋ ಬಿಡಾದೋ ಆಮ್ಯಾಲೆ.”

ನಜೀರ್ ಅಂಚಿನ ಬಳ್ಳಿಯ ಮೇಲೆ ಬೆರಳು ಓಡಿಸಿದರು. ಬಳ್ಳಿ ಕೂಡುವಲ್ಲಿ ಬೆರಳು ನಿಂತಿತು. ಗಿಣಿ ಇತ್ತು, ಕತ್ತು ಹಿಂದಕ್ಕೆ ತಿರುಗಿತ್ತು. ತಟ್ಟೆಯನ್ನು ಬೋರಲು ಹಾಕಿದರು. ಅಡಿಯಲ್ಲಿ ಏನೂ ಇರಲಿಲ್ಲ. ಯಾರೋ ನಾಲ್ಕು ಬೆರಳಗಲ ಅರ ಹಾಕಿ ನುಣ್ಣಗೆ ಉಜ್ಜಿಬಿಟ್ಟಿದ್ದರು.

“ಯಾವ ದಡ್ಡ ಉಜ್ಜಿದ್ದು ಇದನ್ನ?” ಎಂದರು, ದನಿ ಏರಿತ್ತು.

“ನೀವೇ ಅಲ್ಲೇನ್ರಿ” ಎಂದರು ಹೊನ್ನಕ್ಕ. “ತೊಂಬತ್ತನಾಕರಾಗೆ ಅಣ್ತಮ್ಮರು ಪಾಲಾದ್ರು. ತಟ್ಟೆ ನಮ್ಮ ಪಾಲಿಗೆ ಬಂತು. ಅಡಿಯಾಗೆ ಎತ್ತಪ್ಪ ಅಂತ ನಮ್ಮ ಯಜಮಾನ್ರ ಅಜ್ಜನ ಹೆಸರಿತ್ತು. ನಮ್ಮ ಭಾವಂಗೂ ಅದೇ ಹೆಸರಿಟ್ಟಿದ್ರಲ್ಲ, ನಾಳೆ ಇದು ನಂದು ಅಂತ ಬಂದಾನು ಅಂತ ಇಲ್ಲೇ ತಂದು ಉಜ್ಜಿಸಿದ್ರು. ಕೆಳಗೆ ಸಣ್ಣದಾಗಿ ಇನ್ನೇನೋ ಇತ್ತು, ಅದನ್ನೂ ಉಜ್ಜಿದ್ರಿ. ನಾನು ಇಲ್ಲೇ ಕುಂತಿದ್ದೆ.”

ಪಾಲಾದಾಗ, ಮಾರುವಾಗ ಜನ ಹೆಸರು ಉಜ್ಜಿಸಲು ಬರುವುದು ವಾಡಿಕೆ. ಅದು ಮನೆಯ ಮಾನದ ವಿಷಯ, ಓದದೆ ಉಜ್ಜಬೇಕು ಎಂದು ನಜೀರರಿಗೆ ಅಪ್ಪ ಕಲಿಸಿದ್ದರು. ತಟ್ಟೆಯನ್ನು ತೊಡೆಯ ಮೇಲೆ ಬೋರಲು ಹಾಕಿ, ಬೀದಿಯ ಕಡೆ ನೋಡುತ್ತಾ ಅರ ಆಡಿಸುವುದು. ನಜೀರ್ ಹಾಗೆ ನೂರಾರು ಉಜ್ಜಿದ್ದರು, ಮರ್ಯಾದಸ್ಥನೆಂದು ಊರಲ್ಲಿ ಹೊಗಳಿಸಿಕೊಂಡೂ ಇದ್ದರು. ಅವುಗಳಲ್ಲಿ ಇನ್ನೆಷ್ಟು ಅಜ್ಜನವೋ.

ರೆಹಾನಾ ಹತ್ತಿರ ಬಂದು ಮೆಲ್ಲಗೆ ಹೇಳಿದಳು: “ನಿಮ್ಮ ದಾದಾ ಸಹಿ ಹಾಕಿದ ಪತ್ರ ಮನೇಲಿ ಐತಲ್ಲ ಅಬ್ಬಾ. ಅದನ್ನ ನೋಡ್ಕಂಡು ನೀವೇ ಹೆಸರು ಕೆತ್ತಿಬಿಡ್ರಿ. ಹೆಸರಿದ್ರೆ ಹತ್ತುಪಟ್ಟು ಕೊಡ್ತಾರೆ. ಯಾರಿಗೆ ಗೊತ್ತಾಗ್ತೈತೆ?”

“ಹಾಕ್ರಿ ಮತ್ತೆ” ಎಂದರು ಹೊನ್ನಕ್ಕ. ಅವರ ಕಿವಿ ಚುರುಕಾಗಿತ್ತು.

ನಜೀರ್ ಉಳಿ ಕೈಗೆತ್ತಿಕೊಂಡರು. ಕೆತ್ತಿದರೆ ಅಜ್ಜನಿಗೆ ಹೆಸರು, ಹೊನ್ನಕ್ಕನಿಗೆ ದುಡ್ಡು, ತಮ್ಮ ಆಸೆಯೂ ತೀರುತ್ತದೆ. ಮನಸ್ಸು ಒಂದು ಗಳಿಗೆ ಜಾರಿಯೇಬಿಟ್ಟಿತ್ತು.

“ನಾನು ಹಾಕಿದ್ರೆ ಆ ಗಿಣಿನೂ ಸುಳ್ಳಾಗ್ತೈತೆ” ಎಂದರು ಮಗಳಿಗೆ, ಉಳಿ ಕೆಳಗಿಟ್ಟು. ಆಮೇಲೆ ಹೊನ್ನಕ್ಕನ ಕಡೆ ತಿರುಗಿದರು. “ಇದು ನಮ್ಮಜ್ಜ ಕೆತ್ತಿದ್ದು. ಇನ್ನೊಂದು ನಾ ಕಂಡಿಲ್ಲ. ಹೆಸರಿದ್ದಿದ್ರೆ ಬಲ್ಲೋರು ಕೇಳಿದಷ್ಟು ಕೊಡ್ತಿದ್ರು. ಈಗ ತೂಕದ ರೇಟಿಗಿಂತ ಒಂಚೂರು ಹೆಚ್ಚು, ಅಷ್ಟೆ. ಹಾಳು ಮಾಡಿದೋನು ನಾನು.”

“ಉಜ್ಜಿಸಿದೋರು ನಾವಲ್ಲೇನ್ರಿ” ಎಂದರು ಹೊನ್ನಕ್ಕ. “ಇನ್ನೊಂದಿಲ್ಲ ಅಂದ್ಮ್ಯಾಲೆ ತೂಕಕ್ಕೆ ಯಾಕೆ ಕೊಡ್ಲಿ. ಮನೇಲೇ ಇರ್ಲಿ.” ಟವೆಲ್ಲಿಗೆ ಕೈ ಚಾಚಿದರು.

“ತಾಳ್ರಿ. ಅಡಿಯಾಗೆ ಒಂದು ಸಾಲು ಬರೀಲೇನ್ರಿ? ರೇಟು ಏರಲ್ಲ, ಇಳಿದ್ರೂ ಇಳೀಬಹುದು. ನಡೆದದ್ದು ಮಾತ್ರ ಬರೀತೀನಿ.”

ಹೊನ್ನಕ್ಕ ಅವರ ಮುಖವನ್ನೇ ನೋಡಿದರು. “ಬರೀರಿ” ಎಂದರು.

ಒಂದು ಗಂಟೆ ಹಿಡಿಯಿತು. ರೆಹಾನಾ ತಟ್ಟೆಯನ್ನು ಬೆಳಕಿಗೆ ಹಿಡಿದು ಗಟ್ಟಿಯಾಗಿ ಓದತೊಡಗಿದವಳು ಕೊನೆಗೆ ಬರುವಷ್ಟರಲ್ಲಿ ದನಿ ತಗ್ಗಿಸಿದಳು.

“ಇಲ್ಲಿದ್ದ ಎತ್ತಪ್ಪನವರ ಹೆಸರನ್ನೂ, ಈ ತಟ್ಟೆ ಕೆತ್ತಿದ ಬುಡನ್ ಸಾಬರ ಹೆಸರನ್ನೂ ಓದದೆ ಉಜ್ಜಿದವನು ಅವರ ಮೊಮ್ಮಗ ನಜೀರ್ ಅಹಮದ್.”