ಬೇಡದೆ ಉಳಿದ ಮೂರನೆಯ ಮಾತು

ನಾನು ಮಗ್ಗದ ಒಂದು ಲಾಳಿ. ಮರದ ಲಾಳಿಯಲ್ಲ, ಕೋಣದ ಕೊಂಬಿನದು. ಇದನ್ನು ಮೊದಲೇ ಹೇಳಿಬಿಡುವುದು ನನ್ನ ಜಂಬ ಎಂದು ಬೇಕಾದರೆ ತಿಳಿದುಕೊಳ್ಳಿ. ಹುನಗುಂದದ ಕಡೆಯ ಒಂದು ನೇಕಾರರ ಓಣಿಯಲ್ಲಿ ಬಡಿಗೇರ ಮೌನಪ್ಪ ಎಂಬಾತ ನನ್ನನ್ನು ಕೊರೆದು, ಉಜ್ಜಿ, ಎಣ್ಣೆ ಕುಡಿಸಿ, ಪುಟ್ಟ ದೋಣಿಯ ಆಕಾರಕ್ಕೆ ತಂದ. ಕೊಂಬು ತಂದುಕೊಟ್ಟವನು ಒಬ್ಬ ಬೈರಾಗಿ. "ಇದನ್ನ ಕೈಯಾಗ ಹಿಡಿದು ಮೂರು ಮಾತು ಬೇಡಬಹುದು, ಮೂರೂ ನಡೀತಾವ. ಬೇಡಲಾರದಾಂವ ಶಾಣ್ಯಾ" ಎಂದು ಹೇಳಿ ಅವನು ತನ್ನ ದಾರಿ ಹಿಡಿದ. ಮೂರು ಬೇಡಿಕೆಯ ಮಾತು ಎಲ್ಲರಿಗೂ ನೆನಪಿತ್ತು. ಕೊನೆಯ ಮಾತನ್ನು ಎಲ್ಲರೂ ಮರೆತರು.

ನನ್ನ ಕೆಲಸ ಸರಳ. ಹೊಟ್ಟೆಯಲ್ಲಿ ನೂಲು ಸುತ್ತಿದ ಕಂಡಿಕೆ ಇಟ್ಟುಕೊಂಡು, ಮಗ್ಗಕ್ಕೆ ಉದ್ದುದ್ದ ಕಟ್ಟಿದ ಹಾಸಿನ ಎಳೆಗಳ ನಡುವೆ ಈ ಅಂಚಿನಿಂದ ಆ ಅಂಚಿಗೆ ಓಡಬೇಕು. ಈ ಅಂಚಿಗೆ ನೂಲು ತರಬೇಕಾದರೆ ಆ ಅಂಚಿನಿಂದಲೇ ಎಳೆದು ತರಬೇಕು. ಬೇರೆ ವಿದ್ಯೆ ನನಗೆ ಬಾರದು. ಬೇಡಿಕೆಗಳನ್ನೂ ನಾನು ಹಾಗೆಯೇ ನಡೆಸಿಕೊಟ್ಟೆ.

ನನ್ನ ಮೊದಲ ಧಣಿ ಸಿದ್ರಾಮಪ್ಪ. ಕೆಲಸವಿಲ್ಲದ ದಿನ ಅವನಿಗೆ ಮೈಯೆಲ್ಲ ಕಡಿಯುತ್ತಿತ್ತು. ಒಂದು ದಿನ ನನ್ನನ್ನು ಹಣೆಗೆ ಒತ್ತಿಕೊಂಡು, "ನನ್ನ ಮಗ್ಗಕ್ಕ ಎಂದೂ ಕೆಲಸ ತಪ್ಪಬಾರದು" ಎಂದ. ತಪ್ಪಲಿಲ್ಲ. ಆ ವರ್ಷ ಊರಿಗೆ ಪ್ಲೇಗು ಬಂತು. ಮನೆಮನೆಯಿಂದ ಬಿಳಿ ಬಟ್ಟೆ ಕೇಳಿಕೊಂಡು ಬಂದರು. ಹೆಂಡತಿಗೆ ಹೊದಿಸುವ ಬಟ್ಟೆಯನ್ನೂ ಅವನೇ ನೇಯ್ದ. ಅವನ ಕಣ್ಣೀರು ನನ್ನ ಬೆನ್ನ ಮೇಲೆ ಬಿದ್ದದ್ದು ನನಗೆ ಗೊತ್ತು, ಆದರೂ ನಾನು ಓಡುತ್ತಲೇ ಇದ್ದೆ. ನನಗೆ ನಾಚಿಕೆ ಎಂಬುದು ಶುರುವಾದದ್ದು ಅಂದಿನಿಂದ.

ಅವನ ತಮ್ಮನ ಮಗ ಗುರುಲಿಂಗಪ್ಪ ಬೇರೆ ತರಹದವನು. ಕಸುಬಿನಲ್ಲಿ ಗಟ್ಟಿಗ, ಹೊಟ್ಟೆಕಿಚ್ಚಿನಲ್ಲಿ ಇನ್ನೂ ಗಟ್ಟಿಗ. "ನನ್ನ ಸೀರಿಯಂಥ ಬಣ್ಣ ಈ ಓಣ್ಯಾಗ ಯಾರಿಗೂ ಬರಬಾರದು" ಎಂದು ಬೇಡಿಕೊಂಡ. ಮರುದಿನದಿಂದಲೇ ಉಳಿದವರ ಕೆಂಪು ತೊಳೆದರೆ ಕೆಸರಾಯಿತು, ಹಸಿರು ಬೂದಿಯಾಯಿತು. ಎರಡು ವರ್ಷದಲ್ಲಿ ಹದಿನಾಲ್ಕು ಮನೆಗಳಿಗೆ ಬೀಗ ಬಿತ್ತು. ಒಂದು ಸೀರೆಗೆ ಎಷ್ಟು ಕೈ ಬೇಕು ಎಂಬುದು ಆಗ ಅವನಿಗೆ ತಿಳಿಯಿತು. ಹಾಸು ಹೂಡಲು, ಗಂಜಿ ಹಾಕಲು, ಕಂಡಿಕೆ ಸುತ್ತಲು ಓಣಿಯಲ್ಲಿ ಕೈಗಳೇ ಸಾಲದಾದವು. ಸಾಯುವ ಮೊದಲು ಸೊಸೆ ನೀಲವ್ವನನ್ನು ಕರೆದು ಎರಡೂ ಕತೆ ಹೇಳಿ, "ಇನ್ನೊಂದು ಬೇಡಿಕಿ ಉಳದೈತಿ, ಹುಷಾರವ್ವಾ" ಎಂದು ನನ್ನನ್ನು ಅವಳ ಕೈಗಿಟ್ಟ.

ಈ ನೀಲವ್ವನ ಬಗ್ಗೆ ಹೇಳಲೆಂದೇ ನಾನು ಈ ಕತೆ ಶುರುಮಾಡಿದ್ದು.

ನಮ್ಮಲ್ಲಿ ಹೂಬಳ್ಳಿಯ ಅಂಚನ್ನು ಬೋರಲಾಗಿ ನೇಯುತ್ತಾರೆ. ನೇಯುವವರಿಗೆ ಕಾಣುವುದು ಬಟ್ಟೆಯ ಬೆನ್ನು, ಅದರ ಮುಖ ಕೆಳಗೆ. ಅದಕ್ಕಾಗಿ ಮಗ್ಗದ ಕೆಳಗೆ ಕಾಲಿಳಿಬಿಡುವ ಕುಣಿಯಲ್ಲಿ ಒಂದು ಕನ್ನಡಿ ಚೂರು ಇಟ್ಟು ಆಗಾಗ ಬಗ್ಗಿ ನೋಡುತ್ತಾರೆ. ನೀಲವ್ವನಿಗೆ ಈ ಚಾಳಿ ಮಗ್ಗ ಬಿಟ್ಟು ಎದ್ದರೂ ಬಿಡುತ್ತಿರಲಿಲ್ಲ. ಸಂತೆಯ ಬದನೆಕಾಯಿಯಿಂದ ಹಿಡಿದು ಬೀಗರ ಮಾತಿನವರೆಗೆ ಎಲ್ಲವನ್ನೂ ತಿರುವಿ ಹಾಕಿ, "ಇದರ ಕೆಳಗ ಹ್ಯಾಂಗೈತಿ?" ಎನ್ನುವವಳು. ಓಣಿಯಲ್ಲಿ ಉಳಿದಿದ್ದ ನಾಲ್ಕು ಜನ ಅವಳನ್ನು ಕನ್ನಡಿ ನೀಲವ್ವ ಎಂದೇ ಕರೆದು ನಗುತ್ತಿದ್ದರು. ನಾನೂ ನಕ್ಕವನೇ.

ಅವಳಿಗೆ ಒಬ್ಬಳೇ ಮಗಳು, ಕಾಶವ್ವ. ಹದಿನೇಳರ ಹುಡುಗಿ, ತಾಯಿಗಿಂತ ನಯವಾದ ಕೈ. ಸಂಬಂಧಿಕರ ಪವರ್‌ಲೂಮಿನಲ್ಲಿ ಕೆಲಸಕ್ಕೆ ಹೋದಾಗ ಯಂತ್ರದ ಪಟ್ಟಿಗೆ ಸಿಕ್ಕು ಬಲಗೈ ಮಣಿಕಟ್ಟಿನವರೆಗೆ ಹೋಯಿತು. ಗಾಯ ಮಾಯಿತು, ಹುಡುಗಿ ಮಾಯಲಿಲ್ಲ. ಮಗ್ಗದ ಸದ್ದು ಕೇಳಿದರೆ ಗೋಡೆಗೆ ಮುಖ ತಿರುಗಿಸಿ ಮಲಗುತ್ತಿದ್ದಳು. ಊಟ ಅರ್ಧಕ್ಕಿಳಿಯಿತು, ಮಾತು ನಿಂತೇಹೋಯಿತು.

ಒಂದು ಮಧ್ಯಾಹ್ನ ನೀಲವ್ವ ನನ್ನನ್ನು ಗೂಡಿನಿಂದ ತೆಗೆದು ಎರಡೂ ಕೈಯಲ್ಲಿ ಹಿಡಿದಳು. "ನನ್ನ ಮಗಳಿಗೆ ಒಂದು ಬಲಗೈ..." ಎಂದವಳು ಅಲ್ಲೇ ನಿಂತಳು. ನನ್ನನ್ನು ತಿರುವಿ ಹೊಟ್ಟೆಯ ಕಡೆ ನೋಡಿದಳು. "ಅಲ್ಲ, ಇದರ ಕೆಳಗ ಹ್ಯಾಂಗೈತಿ? ಆ ಕೈ ಯಾರ ಮನಿಯಿಂದ ಬರತೈತಿ?"

ನನಗೆ ಬಾಯಿದ್ದಿದ್ದರೆ ಹೇಳುತ್ತಿದ್ದೆ. ಇನ್ನಾವುದೋ ಓಣಿಯ ಇನ್ನಾವುದೋ ಹುಡುಗಿಯಿಂದ, ಅವ್ವಾ. ನನಗೆ ಬೇರೆ ದಾರಿ ಗೊತ್ತಿಲ್ಲ.

ಅವಳಿಗೆ ಹೇಳಬೇಕಾಗಿಯೇ ಇರಲಿಲ್ಲ. ತನ್ನ ಬಲಗೈಯನ್ನು ಮುಂದೆ ಚಾಚಿ, "ಹಂಗಾದ್ರ ನಂದ..." ಎಂದು ಶುರುಮಾಡಿದಳು. ಗೋಡೆಗೆ ಮುಖ ಮಾಡಿ ಮಲಗಿದ್ದ ಕಾಶವ್ವ ದಡಕ್ಕನೆ ಎದ್ದು ಬಂದು, ಎಡಗೈಯಿಂದ ನನ್ನನ್ನು ಕಿತ್ತುಕೊಂಡಳು.

"ಬಾಯಿ ಮುಚ್ಚವ್ವಾ! ನಿನ್ನ ಕೈ ಹೋದ್ರ ನನ್ನ ತಲಿ ಯಾರು ಬಾಚತಾರ?"

ತಿಂಗಳುಗಟ್ಟಲೆ ಆದ ಮೇಲೆ ಅವಳಾಡಿದ ಮೊದಲ ಮಾತು ಅದು. ತಾಯಿ ಅಳುತ್ತಾ ನಕ್ಕಳು, ನಗುತ್ತಾ ಅತ್ತಳು. ಆಮೇಲೆ ಮಗಳನ್ನು ಮಗ್ಗದ ಎಡಕ್ಕೆ ಕೂರಿಸಿ, ತಾನು ಬಲಕ್ಕೆ ಕುಳಿತಳು. ಒಂದೇ ಕುಣಿಯಲ್ಲಿ ನಾಲ್ಕು ಕಾಲು. ತಾಯಿ ಬಲಗೈಯಿಂದ ನನ್ನನ್ನು ಎಸೆದಳು, ಮಗಳು ಎಡಗೈಯಿಂದ ಹಿಡಿದು ಮರಳಿ ಎಸೆದಳು. ಮೊದಲ ದಿನ ನಾನು ಎಷ್ಟು ಸಲ ನೆಲಕ್ಕೆ ಬಿದ್ದೆನೋ ಲೆಕ್ಕವಿಲ್ಲ, ಮೂಗು ಸವೆದುಹೋಯಿತು. ಮೊದಲ ಸೀರೆಯ ಒಂದು ಅಂಚು ಬಿಗಿ, ಇನ್ನೊಂದು ಜೋಲು. ಅದನ್ನು ನೀಲವ್ವನೇ ಉಟ್ಟುಕೊಂಡು ಓಣಿಯಲ್ಲೆಲ್ಲ ಮೆರೆದು ಬಂದಳು. ಆರು ತಿಂಗಳಲ್ಲಿ ಯಾವ ಅಂಚು ಯಾರದೆಂದು ನನಗೇ ತಿಳಿಯದಂತಾಯಿತು. ಹಾಗೆ ಇಪ್ಪತ್ತೊಂದು ವರ್ಷ ನಾನು ಅವರಿಬ್ಬರ ನಡುವೆ ಓಡಿದೆ. ನನ್ನ ಬಾಳಿನಲ್ಲಿ ಹೆಮ್ಮೆಪಡುವಂಥದ್ದು ಅಷ್ಟೇ.

ಈಗ ನನ್ನ ಬೆನ್ನು ಸೀಳಿದೆ, ನೂಲು ಸಿಕ್ಕಿಕೊಳ್ಳುತ್ತದೆ. ಮೂರನೆಯ ಬೇಡಿಕೆ ಮಾತ್ರ ಹೊಸದಾಗಿಯೇ ನನ್ನೊಳಗಿದೆ. ಹೋದ ಶ್ರಾವಣದಲ್ಲಿ ನೀಲವ್ವ ತೀರಿಕೊಂಡಳು, ಅರ್ಧ ನೇಯ್ದ ಸೀರೆ ಮಗ್ಗದ ಮೇಲೇ ಇತ್ತು. ಹನ್ನೆರಡನೆಯ ದಿನ ಕಾಶವ್ವ ಮಗ್ಗದ ಎಡಕ್ಕೆ ತನ್ನ ಜಾಗದಲ್ಲಿ ಬಂದು ಕುಳಿತು, ಖಾಲಿಯಾದ ಬಲಬದಿಯನ್ನೇ ನೋಡಿದಳು. ನನ್ನನ್ನು ಎತ್ತಿಕೊಂಡು ಎದೆಗೆ ಒತ್ತಿಕೊಂಡಳು. ನಾನು ಹೆದರಿಹೋದೆ. ಈಗ ಬೇಡುತ್ತಾಳೆ, ಅವ್ವನನ್ನೇ ಬೇಡುತ್ತಾಳೆ, ನಾನು ತಂದುಕೊಡಲೇಬೇಕು. ಮಣ್ಣಿಗಿಟ್ಟು ಹನ್ನೆರಡು ದಿನವಾದವಳನ್ನು ಯಾವ ರೂಪದಲ್ಲಿ ತರಲಿ?

ಕಾಶವ್ವ ಬಾಯಿ ತೆರೆದಳು. ಕಿಟಕಿಯ ಕಡೆ ತಿರುಗಿ, ಪಕ್ಕದ ಮನೆಯವಳನ್ನು ಕೂಗಿದಳು.

"ಶಾಂತವ್ವಾ, ಬಲಗೈ ಖಾಲಿ ಐತೇನ? ಒಂದೀಟು ಬಾರವ್ವಾ."

ಶಾಂತವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದಳು.