ತೇಲುವ ಮೊಟ್ಟೆ

ನಾನೊಂದು ಮರದ ಮೊಟ್ಟೆ. ಚನ್ನಪಟ್ಟಣದ ಇನಾಯತ್ ಸಾಬರ ಲೇತಿನಲ್ಲಿ ಆಲೆ ಮರದ ತುಂಡೊಂದರಿಂದ ಹುಟ್ಟಿದೆ. ಬಿಳಿ ಅರಗು ಹಚ್ಚಿ, ತಾಳೆಗರಿಯಲ್ಲಿ ಉಜ್ಜಿ ಹೊಳಪು ಕೊಟ್ಟರು. ಬುಡ ಕೊಂಚ ಸೊಟ್ಟಗಿದ್ದುದರಿಂದ ಆಟಿಕೆಗಳ ಸಾಲಿಗೆ ಸೇರಲಿಲ್ಲ. ಸಂತೆಗೆ ಬರುತ್ತಿದ್ದ ಚಿಕ್ಕತಾಯಮ್ಮ ಎರಡು ನಾಟಿ ಮೊಟ್ಟೆ ಕೊಟ್ಟು ನನ್ನನ್ನು ಒಯ್ದಳು. ನನಗೆ ಬೆಲೆ ಬಂದದ್ದು ಅದೊಂದೇ ದಿನ.

ನನ್ನ ಕೆಲಸ ಸುಮ್ಮನಿರುವುದು. ಗೂಡಿನ ಪುಟ್ಟಿಯಲ್ಲಿ ಒಂದು ಮೊಟ್ಟೆ ಕಂಡರೆ ಹ್ಯಾಟೆ ಕೋಳಿ ತನ್ನದನ್ನೂ ಅಲ್ಲೇ ಇಡುತ್ತದೆ. ನಿಜವಾದದ್ದನ್ನು ಬಿಟ್ಟರೆ ಕೊಳೆಯುತ್ತದೆ, ನಾನು ಕೊಳೆಯುವುದಿಲ್ಲ. ಹದಿನೆಂಟು ವರ್ಷ ಎಷ್ಟೋ ಕೋಳಿಗಳು ನನ್ನ ಮೇಲೆ ಕೂತವು, ಕುಕ್ಕಿದವು, ಹೊರಳಿಸಿದವು. ಪಕ್ಕದವರೆಲ್ಲ ಮರಿಯಾಗಿ ಎದ್ದು ಹೋದರು. ನನಗೆ ಸಿಕ್ಕಿದ್ದು ಬರೀ ಸೆಕೆ.

ದಿನಾ ಬೆಳಿಗ್ಗೆ ಚಿಕ್ಕತಾಯಮ್ಮನ ಕೈ ಗೂಡಿನೊಳಗೆ ಬರುತ್ತಿತ್ತು. ನನ್ನನ್ನು ಒಮ್ಮೆ ಸವರಿ, ಬದಿಗೆ ಸರಿಸಿ, ಬಿಸಿ ಮೊಟ್ಟೆ ಎತ್ತಿಕೊಳ್ಳುತ್ತಿದ್ದಳು. ಕೇರಿಯಲ್ಲಿ ಯಾರ ಮನೆಯ ಮೊಟ್ಟೆಗೂ ಅವಳದೇ ತೀರ್ಪು. ನೀರಿನ ಬೋಗುಣಿಗೆ ಬಿಟ್ಟಾಗ ಅಡ್ಡ ಮಲಗಿದ್ದು ಹೊಸದು, ತುದಿಯಲ್ಲಿ ನಿಂತದ್ದು ಹಳೆಯದು, ತೇಲಿದ್ದು ತಿಪ್ಪೆಗೆ.

ಆಮೇಲೆ ಅವಳ ಕಣ್ಣಿಗೆ ಪೊರೆ ಬಂತು. ನನ್ನ ಅರಗೂ ಸವೆದು ಬಣ್ಣ ಮಾಸಿತು. ಕೋಳಿಗಳು ನನ್ನನ್ನು ನಂಬುವುದು ಬಿಟ್ಟವು. ಮಚ್ಚೆ ಹ್ಯಾಟೆಯೊಂದು ಕದ್ದು ಬೇರೆಲ್ಲೋ ಮೊಟ್ಟೆ ಇಡತೊಡಗಿತು. ಮೊಮ್ಮಗಳು ರೂಪ ಬಾಣಂತಿಯಾಗಿ ಮನೆಗೆ ಬಂದಿದ್ದ ಹೊತ್ತಿನಲ್ಲೇ ಗೂಡು ಬರಿದಾಯಿತು.

"ಬೆಳಿಗ್ಗೆ ಆ ಮಚ್ಚೆ ಹ್ಯಾಟೆನ ಪುಟ್ಟಿ ಕೆಳಗೆ ಕವುಚಾಕು. ಹೊತ್ತೇರಿದ್ ಮ್ಯಾಲೆ ಬುಡು. ಮೊಟ್ಟೆ ತಡೀನಾರ್ದೆ ನೆಟ್ಟಗೆ ಅಲ್ಲಿಗೇ ಓಡ್ತದೆ, ಹಿಂದೆ ಹೋಗು" ಎಂದಳು ಚಿಕ್ಕತಾಯಮ್ಮ ಸೊಸೆಗೆ.

ಸೊಸೆ ನಿಂಗಾಜಮ್ಮ ಹಾಗೇ ಮಾಡಿದಳು. ಹುಲ್ಲಿನ ಮೆದೆಯ ಹಿಂದೆ ಎಂಟು ಮೊಟ್ಟೆ ಸಿಕ್ಕಿದವು. ಎಷ್ಟು ದಿನದವೋ ದೇವರೇ ಬಲ್ಲ.

"ನೀರು ತಾ, ನೋಡ್ತೀನಿ."

"ಬುಡಿ ಅತ್ತೆ, ನಿಮ್ಗೆ ಕಣ್ಣು ಕಾಣಾಕಿಲ್ಲ. ಹೋದ್ ವಾರ ನೀವು ಚೆಂದಾಗೈತೆ ಅಂದಿದ್ದು ಒಡೆದ್ರೆ ಮನೆಯೆಲ್ಲ ನಾತ. ಬಾಣಂತಿ ಹೊಟ್ಟೆಗೆ ಹೋಗೋದು ಇದು."

"ಕಣ್ಣು ಯಾಕೆ? ಹೇಳೋದು ನೀರು. ಕೈಗೆ ತಿಳೀತದೆ."

ನಿಂಗಾಜಮ್ಮ ನೀರು ತರಲು ಎದ್ದಳು. ಬೋಗುಣಿ ತರುವಾಗ ಗೂಡಿಗೆ ಕೈ ಹಾಕಿ ನನ್ನನ್ನೂ ತಂದು ಆ ಎಂಟರ ನಡುವೆ ಸೇರಿಸಿಬಿಟ್ಟಳು. ನನ್ನನ್ನು ಗುರುತಿಸಿದರೆ ಅತ್ತೆಯ ಕೈಯನ್ನು ಇನ್ನೂ ನಂಬಬಹುದು, ಇಲ್ಲದಿದ್ದರೆ ಇವತ್ತಿಗೆ ಈ ತೀರ್ಪು ಮುಗಿಯಿತು. ಅವಳು ಕೆಟ್ಟವಳಲ್ಲ, ಬಾಣಂತಿ ಮಗಳಿಗೆ ಏನಾದರೂ ಆದೀತೆಂಬ ಭಯ.

ಚಿಕ್ಕತಾಯಮ್ಮ ಒಂದೊಂದಾಗಿ ನೀರಿಗಿಳಿಸಿ ಬೆರಳಲ್ಲಿ ಸವರಿದಳು. ನಾಲ್ಕು ಅಡ್ಡ ಮಲಗಿದವು, ಅವನ್ನು ಬಾಣಂತಿಗೆಂದು ಬಲಕ್ಕಿಟ್ಟಳು. ಮೂರು ನಿಂತವು, ಒಂದು ತೇಲಿತು. ಕೊನೆಗೆ ನನ್ನ ಸರದಿ.

ನಾನು ತೇಲಿದೆ. ಮರ ಇನ್ನೇನು ಮಾಡೀತು? ಅವಳು ನನ್ನನ್ನೆತ್ತಿ ಕಿವಿಯ ಹತ್ತಿರ ಅಲ್ಲಾಡಿಸಿದಳು. ಹದಿನೆಂಟು ವರ್ಷ ದಿನಾ ಸವರಿದ ಬೆರಳುಗಳು ನನ್ನ ಸೊಟ್ಟ ಬುಡದ ಮೇಲೆ ಓಡಾಡಿದವು. ಹೇಳು ತಾಯಿ, ನಾನೇ, ಎಂದು ನಾನು ಬಾಯಿಲ್ಲದೆ ಬೇಡಿಕೊಂಡೆ.

"ಇದು ಬಾಳ ದಿನದ್ದು. ಒಳಗೆಲ್ಲ ಒಣಗೋಗೈತೆ" ಎಂದಳು. "ತಿಪ್ಪೆಗಾಕು."

ನನಗೆ ತುಂಬಾ ನೋವಾಯಿತು. ಆದರೆ ಅವಳು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ನಿಂಗಾಜಮ್ಮ ನನ್ನನ್ನು ಅತ್ತೆಯ ಕೈಯಿಂದ ತೆಗೆದುಕೊಂಡಳು. ಗೆದ್ದವಳ ಮುಖ ಅದಾಗಿರಲಿಲ್ಲ. "ಆಯ್ತು ಅತ್ತೆ" ಎಂದಷ್ಟೇ ಹೇಳಿ ತೇಲಿದ ಮೊಟ್ಟೆಯನ್ನು ತಿಪ್ಪೆಗೆಸೆದಳು, ನನ್ನನ್ನು ಸೆರಗಿನಲ್ಲಿ ಒರೆಸಿ ಗೂಡಿಗೆ ಹಿಂತಿರುಗಿಸಿದಳು. ಒಳಗೆ ಹೋಗಿ ಆ ನಾಲ್ಕನ್ನೂ ಒಂದೊಂದಾಗಿ ಲೋಟಕ್ಕೆ ಒಡೆದು, ಮೂಸಿ, ಆಮೇಲೆ ಬಾಣಲೆಗೆ ಹಾಕಿದಳು. ನಾಲ್ಕೂ ಚೆನ್ನಾಗಿದ್ದವು.

ಅಂದಿನಿಂದ ಅದೇ ರೂಢಿಯಾಯಿತು. ಚಿಕ್ಕತಾಯಮ್ಮ ಇರುವವರೆಗೂ ಬೋಗುಣಿ ಅವಳ ಮುಂದೆಯೇ ಬರುತ್ತಿತ್ತು, ತೀರ್ಪು ಅವಳದೇ. ಲೋಟ ಮಾತ್ರ ಒಲೆಯ ಮರೆಯಲ್ಲಿರುತ್ತಿತ್ತು. ಅತ್ತೆಗೆ ಅದು ಕೊನೆಯವರೆಗೂ ತಿಳಿಯಲಿಲ್ಲ.

ಈಗ ಅವಳಿಲ್ಲ. ಕೋಳಿಗಳೂ ಇಲ್ಲ, ನಾನು ಬಚ್ಚಲ ಗೋಡೆಯ ಗೂಡಿನಲ್ಲಿ ಸೀಗೆಪುಡಿ ಡಬ್ಬಿಯ ಪಕ್ಕ ಬಿದ್ದಿದ್ದೇನೆ. ನಿಂಗಾಜಮ್ಮನ ಕಣ್ಣೂ ಈಚೆಗೆ ಮಂಜಾಗುತ್ತಿದೆ. ಅಂಗಡಿಯಿಂದ ಮೊಟ್ಟೆ ತಂದ ದಿನ ಅವಳು ನನ್ನನ್ನೂ ಅವುಗಳ ಜೊತೆ ಬೆರೆಸಿ, ಕಣ್ಣು ಮುಚ್ಚಿಕೊಂಡು, ನೀರಿನಲ್ಲಿ ತಡಕುತ್ತಾಳೆ. ನಾನು ಕೈಗೆ ಸಿಕ್ಕಾಗ, "ಇದು ನೀನು" ಎನ್ನುತ್ತಾಳೆ. ಒಂದೊಂದು ಸಲ ಹಾಗೆನ್ನಲು ತುಸು ಹೊತ್ತು ಹಿಡಿಯುತ್ತದೆ. ನಾನು ತೇಲುತ್ತಾ ಕಾಯುತ್ತೇನೆ.