ಕಸ್ತೂರಿ ನುಂಗಿದ ಉಂಗುರ

"ಬಾಯಿ ತಗಿಯಲೇ ಸೂಳಿಮಗನ! ನಾಲಿಗಿ ಮ್ಯಾಲೆತ್ತು. ಎತ್ತಲೇ!"

ಭುಜಂಗರಾವ್ ಯಮನಪ್ಪನ ಗದ್ದ ಹಿಡಿದು ಬಾಯೊಳಗೆ ಎರಡು ಬೆರಳು ತುರುಕಿದ. ನಾಲಿಗೆಯ ಕೆಳಗೆ, ದವಡೆಯ ಸಂದಿಯಲ್ಲಿ, ಕೆನ್ನೆಯ ಒಳಗೆ, ಸಂತೆಯಲ್ಲಿ ಎತ್ತಿನ ಹಲ್ಲು ನೋಡುವವನಂತೆ ತಡಕಿದ. ಏನೂ ಸಿಗಲಿಲ್ಲ. ಬೆರಳಿಗೆ ಹತ್ತಿದ ತಂಬಾಕಿನ ಎಂಜಲನ್ನು ಯಮನಪ್ಪನ ಅಂಗಿಗೇ ಒರೆಸಿ, ಅದೇ ಕೈಯಿಂದ ಕಪಾಳಕ್ಕೆ ಬಾರಿಸಿದ. ಪಕ್ಕದಲ್ಲಿ ಕಸ್ತೂರಿ ಬೆಲ್ಲದ ಬಾಯಿ ಚಪ್ಪರಿಸುತ್ತ ನಿಂತಿತ್ತು. ತೆಗೆಸಿ ನೋಡಬೇಕಾದ ಬಾಯಿ ಆ ಕುದುರೆಯದು. ಅದರ ತಂಟೆಗೆ ಯಾರೂ ಹೋಗಲಿಲ್ಲ.

"ಮಾಲೀಕ್ರ, ಉಂಗುರ ಅವನ ಬಾಯಾಗಿಲ್ರೀ!" ಲಾಯದ ಬಾಗಿಲಿನಿಂದ ಗುಂಡವ್ವ ಕೂಗಿದಳು. ಹೊಡೆಸಿಕೊಳ್ಳುತ್ತಿದ್ದವನು ಅವಳ ಗಂಡ. "ಕುದರಿ ನುಂಗೇತ್ರಿ. ನಾ ಕಣ್ಣಾರೆ ನೋಡೀನಿ."

"ನಿನಗ ಕೇಳ್ಯಾರೇನು ರಂಡೆ? ಗಪ್ ಬಸ್!"

ಭುಜಂಗರಾವ್ ಕುದುರೆ ಸಾಕುವ ಆ ರಾಂಚಿನ ಮಾಲೀಕ. ಮನೆಮಾತು ಮರಾಠಿ. ತಾಯಿ ಅಕ್ಕಲಕೋಟೆ ಕಡೆಯವಳಾದ್ದರಿಂದ ಆಳುಗಳನ್ನು ಬೈಯಲು ಬೇಕಾದಷ್ಟು ಕನ್ನಡ ಇಟ್ಟುಕೊಂಡಿದ್ದ.

ಉಂಗುರ ರಘೋತ್ತಮ ಸಾಹೇಬರದು. ಅವರು ಧಾರವಾಡದವರು, ಬ್ಯಾಂಕಿನ ವರ್ಗಾವಣೆಯ ಮೇಲೆ ಛತ್ರಪತಿ ಸಂಭಾಜಿನಗರಕ್ಕೆ ಬಂದ ದೊಡ್ಡ ಅಧಿಕಾರಿ. ಹೆಂಡತಿ ನಿರುಪಮಾ, ಮಗಳು ಮಾನ್ಯಾ ಜೊತೆಗೆ ಕುದುರೆ ಸವಾರಿ ಕಲಿಯಲು ಹಿಂದಿನ ದಿನವಷ್ಟೇ ಇಲ್ಲಿಗೆ ಬಂದಿದ್ದರು. ನಿಫಾಡಿನ ದ್ರಾಕ್ಷಿ ತೋಟಗಳು ಮುಗಿದು ವೈಜಾಪುರದ ಬಯಲು ಶುರುವಾಗುವ ಕಡೆ ಇರುವ ಈ ರಾಂಚಿನಲ್ಲಿ ಮೂರು ರಾತ್ರಿ, ನಾಲ್ಕು ಹಗಲಿನ ಪ್ಯಾಕೇಜು. ಸವಾರಿ, ಬೇವಿನ ಮರದ ಕೆಳಗೆ ಪಿಠ್ಲಾ-ಭಾಕರಿಯ ಊಟ, ಮೇಲೆ ಒಂದು ಮುಂಜಾನೆ "ಆಳಿನ ಅನುಭವ". ಅಂದರೆ ಅತಿಥಿಗಳು ರಬ್ಬರಿನ ಕೈಗವಸು ತೊಟ್ಟು, ಸಲಿಕೆ ಹಿಡಿದು, ಲಾಯದ ಲದ್ದಿ ಎತ್ತಬೇಕು. ದುಡ್ಡು ಕೊಟ್ಟು ಲದ್ದಿ ಎತ್ತುವವರನ್ನು ಗುಂಡವ್ವ ಹುಟ್ಟಿದಾಗಿನಿಂದ ಕಂಡಿರಲಿಲ್ಲ.

ಬಂದ ದಿನ ಅವಳ ಬಾಯಲ್ಲಿ ಕನ್ನಡ ಕೇಳಿ ಸಾಹೇಬರಿಗೆ ಹಿಗ್ಗೋ ಹಿಗ್ಗು.

"ಏನವಾ, ನಮ್ಮ ಕಡೆಯಾಕಿ ಇದ್ದಂಗ ಇದ್ದೀಯಲ್ಲ! ಯಾವೂರು?"

"ಇಂಡಿ ತಾಲೂಕ್ರೀ. ದ್ರಾಕ್ಷಿ ಕೆಲಸಕ್ಕಂತ ನಿಫಾಡಕ್ಕ ಬಂದವ್ರು, ಈ ಕಡೇನ ಉಳದ್ವಿ."

"ಭಾಳ ಚಲೋ ಆತು! ನಿರೂ, ಇಲ್ಲಿ ನೋಡು, ನಮ್ಮಾಕಿ ಸಿಕ್ಕಾಳ. ಊರಾಗ ನಿಮ್ಮ ಮನಿ ಯಾವ ಓಣ್ಯಾಗ ಅದವಾ?"

ಆ ಪ್ರಶ್ನೆ ಎಲ್ಲಿಗೆ ಹೊರಟಿದೆ ಎಂಬುದು ಗುಂಡವ್ವನಿಗೆ ಗೊತ್ತು. ಆದರೂ ಹೇಳಿದಳು. "ನಮಗೆಲ್ಲೀ ಓಣಿ ತಗೋರಿ? ಅಗಸಿ ಹೊರಗ."

ಊರಬಾಗಿಲಿನ ಹೊರಗೆ ಯಾರ ಮನೆಗಳಿರುತ್ತವೆ ಎಂದು ಸಾಹೇಬರಿಗೆ ಬಿಡಿಸಿ ಹೇಳುವ ಅಗತ್ಯವಿರಲಿಲ್ಲ. "ಹೌದಾ," ಎಂದು ಕೆರದ ಧೂಳು ಕೊಡವಿಕೊಂಡು ಹೋದರು. ಸಂಜೆಯ ಹೊತ್ತಿಗೆ ಅವರ ಕೋಣೆಗೆ ನೀರು ಒಯ್ಯುವ ಕೆಲಸ ಗುಂಡವ್ವನ ಕೈ ತಪ್ಪಿ ಬೇರೆಯವಳಿಗೆ ಹೋಯಿತು. "ನಮ್ಮಾಕಿ" ಅನ್ನುವುದೂ ಅಲ್ಲಿಗೇ ನಿಂತಿತು.

ಮರುದಿನ ಮುಂಜಾನೆ ಸಾಹೇಬರು ಹೊಸ ಬೂಟು, ಹೆಲ್ಮೆಟ್ಟು ಹಾಕಿಕೊಂಡೇ ಲಾಯಕ್ಕೆ ಬಂದು, ಒಂದು ಸಲಿಕೆ ಲದ್ದಿ ಎತ್ತಿ ಫೋಟೊ ತೆಗೆಸಿಕೊಂಡರು. ಕೈಗವಸು ಕಳಚಿದ ಮೇಲೆ ಕುದುರೆಗೆ ಬೆಲ್ಲ ತಿನ್ನಿಸುವ ಸರದಿ.

"ಬೆಲ್ಲಾ ಅಂಗೈ ಮ್ಯಾಲಿಟ್ಟು ಹಿಡೀರಿ ಸಾಹೇಬ್ರ," ಕಸ್ತೂರಿಯ ಲಗಾಮು ಹಿಡಿದಿದ್ದ ಯಮನಪ್ಪ ಹೇಳಿದ್ದ. "ಬೆರಳ ತುದೀಲೆ ಕೊಡಬ್ಯಾಡ್ರಿ."

"ಅದರ ಎಂಜಲಾ ಕೈಗೆಲ್ಲಾ ಹತ್ತತದಲ್ಲೋ ಮಾರಾಯಾ!"

ಸಾಹೇಬರು ಬೆಲ್ಲದ ಚೂರನ್ನು ಬೆರಳ ತುದಿಯಲ್ಲಿ ಹಿಡಿದು, ದೂರದಿಂದ ಪ್ರಸಾದ ಹಾಕುವವರಂತೆ ಮೇಲಿನಿಂದ ಬಿಡಲು ನೋಡಿದರು. ಕುದುರೆಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು? ಕತ್ತು ಚಾಚಿ, ತುಟಿಯಿಂದ ಬೆರಳಿನ ಸಮೇತ ಎಳೆದುಕೊಂಡಿತು. ಗುರುಬಲಕ್ಕೆಂದು ಪುಷ್ಯರಾಗದ ಉಂಗುರ ಹಾಕಿಕೊಂಡು, ಅದೇ ಗುರುವಿಗಾಗಿ ತಿಂಗಳುಗಟ್ಟಲೆ ಉಪವಾಸ ಮಾಡಿ ಸಾಹೇಬರ ಬೆರಳು ಸಣ್ಣಗಾಗಿ ಉಂಗುರ ಸಡಿಲಾಗಿತ್ತು. ಅವರು "ಥೂ ಥೂ" ಎನ್ನುತ್ತ ನಲ್ಲಿಗೆ ಓಡಿದರು. ಕೈ ತೊಳೆದು ನೋಡಿಕೊಂಡರೆ ಉಂಗುರವಿಲ್ಲ. ಹತ್ತಿರ ನಿಂತಿದ್ದವನು ಯಮನಪ್ಪ. ಸಾಹೇಬರಿಗೆ ಅಷ್ಟೇ ಸಾಕಾಯಿತು.

"ಬಾಬಾ, ಕಸ್ತೂರೀನೇಚ ಖಾಲ್ಲೀ! ಮೀ ಪಾಹಿಲಂ!" ಮಾನ್ಯಾ ಅಂದಳು. ಮಹಾರಾಷ್ಟ್ರದಲ್ಲೇ ಬೆಳೆದ ಹುಡುಗಿಗೆ ಕನ್ನಡ ತಿಳಿಯುತ್ತದೆ, ಬಾಯಿಗೆ ಬರುವುದು ಮರಾಠಿ. ತಾನೂ ನೋಡಿದೆ, ಕುದುರೆಯೇ ತಿಂದಿದೆ ಎಂದು ಅವಳು ಎರಡು ಸಲ ಹೇಳಿದಳು.

"ನಿನಗೇನು ತಿಳೀತದ? ಸುಮ್ಮನಿರು," ನಿರುಪಮಾ ಮಗಳ ರಟ್ಟೆ ಹಿಡಿದು ಹಿಂದಕ್ಕೆಳೆದಳು. "ಇವರದು ಕೈಚಳಕ ಇರ್ತದ."

ಕೊನೆಗೆ ಭುಜಂಗರಾವ್ ತೀರ್ಪು ಕೊಟ್ಟ. "ಕುದರಿ ತಿಂದ್ರ ಕುದರಿ ಹೇಲತೈತಿ. ಏ ಗುಂಡಿ, ಕೂತು ಲದ್ದಿ ಸಾಣಿಸು. ಸಿಗೋಮಟಾ ನಿನ್ನ ಗಂಡ ಜೀನಿನ ಖೋಲ್ಯಾಗ ಇರ್ತಾನ. ಸಾಹೇಬ್ರು ಹೊರಡೂದ್ರಾಗ ಸಿಗಲಿಲ್ಲಂದ್ರ ಪೋಲೀಸರಿಗೆ ಒಪ್ಪಸ್ತೀನಿ. ಆಮ್ಯಾಲ ನಿನ್ನ ನಸೀಬ."

ಜೀನು, ಲಗಾಮು ಇಡುವ ತಗಡಿನ ಕೋಣೆಗೆ ಯಮನಪ್ಪನನ್ನು ನೂಕಿ ಕೀಲಿ ಹಾಕಿದರು. ಹಿಂದಿನ ವರ್ಷ ಡೀಸೆಲ್ ಕದ್ದನೆಂದು ಇಲ್ಲಿಂದ ಪೋಲೀಸರು ಒಯ್ದ ಆಳು ಮರಳಿ ಬಂದಾಗ ಒಂದು ಕಾಲು ಎಳೆಯುತ್ತಿದ್ದ. ಡೀಸೆಲ್ ಆಮೇಲೆ ಭುಜಂಗರಾವನ ಅಳಿಯನ ಜೀಪಿನಲ್ಲಿ ಸಿಕ್ಕಿತ್ತು. ಕಾಲು ಮಾತ್ರ ಸರಿಹೋಗಲಿಲ್ಲ. ಗುಂಡವ್ವ ಅದನ್ನೇ ನೆನೆದು ಜರಡಿ ಹಿಡಿಯುವ ಸಾಣಿಗೆ ತಂದಳು.

ಕಸ್ತೂರಿಯನ್ನು ಬೇರೆ ಕಟ್ಟಿಹಾಕಿದರು. ಅದು ಲದ್ದಿ ಹಾಕಿದಾಗಲೆಲ್ಲ ಗುಂಡವ್ವ ಬುಟ್ಟಿಗೆ ಎತ್ತಿಕೊಳ್ಳಬೇಕು, ಒಂದೊಂದೇ ಉಂಡೆ ಮುರಿದು ಸಾಣಿಗೆಯಲ್ಲಿ ನೀರು ಬಿಟ್ಟು ತೊಳೆಯಬೇಕು. ಹುರುಳಿಯ ಸಿಪ್ಪೆ, ಹುಲ್ಲಿನ ನಾರು, ಬರೀ ಅದೇ. ಉಗುರಿನ ಸಂದಿಯೆಲ್ಲ ಹಸಿರಾಯಿತು. ಉಣ್ಣಲು ಕೂತರೆ ರೊಟ್ಟಿಯೂ ಅದೇ ವಾಸನೆ. ಲದ್ದಿ ಬಳಿಯುವುದು ಅವಳಿಗೆ ದಿನದ ಕೆಲಸ, ಹೇಸಿಗೆಯಲ್ಲ. ಆದರೆ ಕಾವಲು ಹಾಕಿಸಿಕೊಂಡು ಬಳಿಯುವುದು ಬೇರೆ. ಗಾಳಿ ಬರುವ ಕಡೆ ಕುರ್ಚಿ ಹಾಕಿಸಿಕೊಂಡು, ಮೂಗಿಗೆ ವಸ್ತ್ರ ಹಿಡಿದು ಸಾಹೇಬರು ಕೂತಿರುತ್ತಿದ್ದರು. ಅವರು ಸವಾರಿಗೆ ಹೋದಾಗ ನಿರುಪಮಾ.

"ಏ ಇಕಿ, ಏಳು. ಸೆರಗು ಝಾಡಸು," ಪ್ರತಿ ಬುಟ್ಟಿ ಮುಗಿದಾಗಲೂ ನಿರುಪಮಾ ಎಬ್ಬಿಸುತ್ತಿದ್ದಳು. ಝಾಡಿಸಿದರೂ ಸಮಾಧಾನವಿಲ್ಲ. ಕುದುರೆ ಹೊಡೆಯುವ ಚಾವಟಿಯ ತುದಿಯಿಂದ ಸೆರಗು ಎತ್ತಿ, ಕುಪ್ಪಸದ ಮೇಲೆ ಒತ್ತಿ, ಸೀರೆಯ ಗಂಟನ್ನು ತಿವಿದು ನೋಡುತ್ತಿದ್ದಳು. ಕೈ ತಾಗಿಸುತ್ತಿರಲಿಲ್ಲ.

"ಅಕ್ಕಾರ, ನಾನೂ ಹೆಣ್ಮಗಳೈದೀನ್ರೀ," ಗುಂಡವ್ವ ಒಮ್ಮೆ ಅಂದಳು.

"ಅದಕ್ಕ ನಾ ನೋಡ್ಲಿಕತ್ತೇನಿ. ಇಲ್ಲಾಂದ್ರ ಭುಜಂಗರಾವ್ ನೋಡ್ತಿದ್ರು."

ಕೋಣೆಯ ತಗಡು ಬಿಸಿಲಿಗೆ ಕಾದು ಚಟಪಟ ಅನ್ನುತ್ತಿತ್ತು. ಗುಂಡವ್ವ ಕಿಂಡಿಯಿಂದ ರೊಟ್ಟಿ ಕೊಟ್ಟರೆ ಯಮನಪ್ಪ ಅರ್ಧ ಮುರಿದು ತಿರುಗಿ ಕೊಡುತ್ತಿದ್ದ.

"ಹೊಡದಾರೇನು ಮತ್ತ?"

"ಮುಂಜಾನಿ ಬಂದಿದ್ದ ಬೋಳಿಮಗ. ಎಲ್ಲಿ ಹುಗದೀ ಹೇಳಂತ." ಅವನ ತುಟಿ ಊದಿ ಮಾತು ತೊದಲುತ್ತಿತ್ತು. "ಏ ಗುಂಡಿ, ಕಸ್ತೂರಿಗೆ ನೀರು ಜಾಸ್ತಿ ಕುಡಸು. ಪಾಪ, ಹೊಟ್ಟಿ ನೂಸೀತು."

ತನ್ನ ಬಾಯಿಗೆ ಸಾಕಷ್ಟು ನೀರಿಲ್ಲದೆ ಕೂತವನು ಕುದುರೆಯ ಹೊಟ್ಟೆಯ ಚಿಂತೆ ಮಾಡುತ್ತಿದ್ದಾನೆ ಎಂದು ಗುಂಡವ್ವನಿಗೆ ಸಿಟ್ಟು ಬಂತು. ಆದರೂ ಕುದುರೆಗೆ ಇನ್ನೊಂದು ಕೊಡ ನೀರು ಹೊತ್ತು ಹಾಕಿದಳು.

ಮೂರನೆಯ ದಿನ ಸಾಹೇಬರು ಕುರ್ಚಿಯಲ್ಲಿ ಕೂತೇ ಊರಿಗೆ ಫೋನು ಹಚ್ಚಿದರು. ಬಿಂದುಮಾಧವಾಚಾರ್ಯರೆಂದು ಮನೆಯ ಪುರೋಹಿತರು, ಉಂಗುರಕ್ಕೆ ಪೂಜೆ ಮಾಡಿಸಿಕೊಟ್ಟವರು. ಬಯಲಿನಲ್ಲಿ ಸರಿಯಾಗಿ ಕೇಳಿಸದೆ ಸಾಹೇಬರು ಸ್ಪೀಕರ್ ಹಾಕಿದರು.

"ಮುಂದಿನ ವಾರ ಮುಂಬೈದಾಗ ಪ್ರಮೋಶನ್ ಇಂಟರ್‌ವ್ಯೂ ಅದರೀ ಆಚಾರ್ರ. ಕುದರಿ ಹೊಟ್ಟಿಯೊಳಗಿಂದ ಬಂದದ್ದು ಹಾಕ್ಕೋಬಹುದೇನ್ರಿ?"

"ಅಡ್ಡಿ ಇಲ್ಲ, ಅಡ್ಡಿ ಇಲ್ಲ. ಪ್ರಾಣಿ ಹೊಟ್ಟಿಗೆ ಮೈಲಿಗಿ ಎಲ್ಲಿದು? ಪಂಚಗವ್ಯದೊಳಗ ಒಂದು ತಾಸು ಇಡ್ರಿ, ಸಾಕು," ಆಚಾರ್ಯರ ದನಿ ಲಾಯದವರೆಗೆ ಕೇಳಿತು. "ಲದ್ದಿಯೊಳಗಿಂದ ತಗಿಯಾವ್ರು ಯಾರು?"

ಸಾಹೇಬರು ಗುಂಡವ್ವನತ್ತ ನೋಡಿ, ಸ್ಪೀಕರ್ ಆರಿಸಿ, ಫೋನನ್ನು ಕಿವಿಗೆ ಹಿಡಿದುಕೊಂಡು ದೂರ ನಡೆದರು.

ನಾಲ್ಕನೆಯ ದಿನ ಮಧ್ಯಾಹ್ನ ಸಾಹೇಬರ ಬ್ಯಾಗುಗಳು ಕಾರಿಗೇರಿದವು. ಭುಜಂಗರಾವ್ ಫೋನು ಹಿಡಿದು ಗೇಟಿನಿಂದ ಲಾಯಕ್ಕೆ, ಲಾಯದಿಂದ ಗೇಟಿಗೆ ಅಡ್ಡಾಡುತ್ತಿದ್ದ. ನಿಫಾಡಿನ ತೋಟದವರ ಟ್ರ್ಯಾಕ್ಟರ್ ಬಂದು ತಿಪ್ಪೆಯ ಗೊಬ್ಬರವನ್ನೆಲ್ಲ ಟ್ರಾಲಿಗೆ ತುಂಬಿಸಿಕೊಂಡಿತ್ತು. ಡ್ರೈವರ್ ಚಹಾಕ್ಕೆ ಕಾಯುತ್ತಿದ್ದ. ಆಗ ಕಸ್ತೂರಿ ಬಾಲ ಎತ್ತಿತು.

ಗುಂಡವ್ವ ಬುಟ್ಟಿ ತರಲೂ ಹೋಗದೆ ಬಿಸಿ ಲದ್ದಿಯನ್ನು ಕೈಯಲ್ಲೇ ಹಿಡಿದು ಮುರಿದಳು. ಹೆಬ್ಬೆರಳಿಗೆ ಗಟ್ಟಿಯಾದದ್ದೇನೋ ತಗುಲಿತು. ಒರೆಸಿದರೆ ಹಳದಿ ಕಲ್ಲು. ಇಷ್ಟು ದಿನ ತಡೆದಿದ್ದ ಅಳು ಒಮ್ಮೆಲೇ ಉಕ್ಕಿ ಬಂದು, ಅವಳು ಕುದುರೆಯ ಕಾಲ ಬಳಿ ಕೂತು ಬಿಕ್ಕಿದಳು. ಆಮೇಲೆ ಮೂಗು ಒರೆಸಿಕೊಂಡು, ಮುಷ್ಟಿ ಬಿಗಿದು ಹೊರಗೆ ಬಂದಳು.

"ಸಿಕ್ಕೈತಿ."

ಎಲ್ಲರೂ ಓಡಿಬಂದರು. "ದೇ ಇಕಡೇ!" ಭುಜಂಗರಾವ್ ಕೈ ಚಾಚಿದ.

"ಮೊದ್ಲ ಖೋಲಿ ಕೀಲಿ ತಗೀರಿ."

"ನನಗ ಹುಕುಂ ಮಾಡ್ತಿ, ಹಲ್ಕಟ್ ರಂಡೆ? ಕೊಡು ಮೊದ್ಲ!"

ಗುಂಡವ್ವ ಮುಷ್ಟಿಯನ್ನು ಬಾಯಿಯ ಹತ್ತಿರ ಒಯ್ದಳು. "ತಗೀತೀರೋ, ನಾನೂ ನುಂಗ್ಲೋ? ನನ್ನದು ಸಾಣಿಸಾಕ ಯಾರನ್ನ ಕೂಡಸ್ತೀರಿ ನೋಡೂಣು."

"ತಗೀರಿ, ಭುಜಂಗರಾವ್, ತಗೀರಿ!" ಸಾಹೇಬರು ಒದರಿದರು.

ಕೀಲಿ ತೆರೆಯಿತು. ಯಮನಪ್ಪ ಬೆಳಕಿಗೆ ಕಣ್ಣು ಕಿವುಚಿಕೊಂಡು, ಬಾಗಿಲ ಚೌಕಟ್ಟು ಹಿಡಿದು ಹೊರಬಂದ. ಒಂದು ಕಣ್ಣು ಪೂರ್ತಿ ಮುಚ್ಚಿಕೊಂಡಿತ್ತು.

"ಕುದರಿನ ತಿಂದಿತ್ತು ಸಾಹೇಬ್ರ. ಈಗೇನಂತೀರಿ?" ಗುಂಡವ್ವ ಕೇಳಿದಳು.

"ಆತಲ್ಲ, ಸಿಕ್ತಲ್ಲ. ಹೊಡದವರು ಅವನ ಮಾಲೀಕ್ರು, ನಾ ಏನು ಮಾಡ್ಲಿ?" ಸಾಹೇಬರು ಕಾರಿನ ಹತ್ತಿರ ಇಟ್ಟಿದ್ದ ನೀರಿನ ಹಿತ್ತಾಳೆ ಚೊಂಬನ್ನು ಹೆಂಡತಿಯ ಕೈಯಿಂದ ತರಿಸಿಕೊಂಡರು. ಅಂಗಳದ ನಡುವೆ ಅತಿಥಿಗಳು ಕುದುರೆ ಹತ್ತಲು ಕಾಲಿಡುವ ಚಪ್ಪಡಿಗಲ್ಲೊಂದಿತ್ತು. ಗುಂಡವ್ವ ದಿನಾ ಗುಡಿಸುವ ಕಲ್ಲು. ಆಳುಗಳು ಅದರ ಮೇಲೆ ಕೂರುವ ಹಾಗಿರಲಿಲ್ಲ. "ಆ ಕಲ್ಲಿನ ಮ್ಯಾಲೆ ಇಡು. ಇಟ್ಟು ದೂರ ಸರೀ. ನಾ ಮ್ಯಾಲಿಂದ ನೀರು ಹಾಕ್ತೇನಿ."

"ಮೀ ಘೇತೇ ಬಾಬಾ," ತಾನು ತೆಗೆದುಕೊಳ್ಳುತ್ತೇನೆ ಎಂದು ಮಾನ್ಯಾ ಮುಂದೆ ಬಂದು ಗುಂಡವ್ವನ ಎದುರು ಅಂಗೈ ಚಾಚಿದಳು.

ಸಾಹೇಬರು ಆ ಅಂಗೈ ಮೇಲೆ ಫಟ್ಟನೆ ಹೊಡೆದರು. "ಮುಟ್ಟಬ್ಯಾಡಂದ್ರ! ಅಕಿ ಕೈಯಾಗಿಂದ ತಗೋತಾರೇನು?"

ಹುಡುಗಿ ಕೆಂಪಾದ ಕೈಯನ್ನು ಹೊಟ್ಟೆಗೆ ಅವುಚಿಕೊಂಡು ನಿಂತಳು. ಚಾವಟಿಯ ತುದಿ ಕುಪ್ಪಸಕ್ಕೆ ಒತ್ತಿದಾಗ ಹುಟ್ಟಿದ ಸಿಟ್ಟು, ಗುಂಡವ್ವ ಇಷ್ಟು ಹೊತ್ತು ಗಂಡನಿಗಾಗಿ ನುಂಗಿಕೊಂಡಿದ್ದ ಸಿಟ್ಟು, ಈಗ ತಡೆಯಲಿಲ್ಲ. ಗಂಡ ಹೊರಗಿದ್ದ. ಇನ್ನೇಕೆ ತಡೆಯಬೇಕು?

"ಹೇಲಾಗ ಇದ್ದಾಗ ಮೈಲಿಗಿ ಇಲ್ಲ. ನನ್ನ ಕೈಯಾಗ ಬಂದಕೂಡ್ಲೆ ಮೈಲಿಗಿ ಆತೇನ್ರಿ?" ಎಂದಳು. "ಹಂಗಾರ ಎಲ್ಲಿ ಶುದ್ಧ ಇತ್ತೋ ಅಲ್ಲೇ ಹೋಗ್ಲಿ."

ತೋಳೆತ್ತಿ ಬೀಸಿದಳು. ಉಂಗುರ ಬಿಸಿಲಿಗೆ ಒಮ್ಮೆ ಹೊಳೆದು, ಟ್ರಾಲಿ ತುಂಬ ಗುಡ್ಡೆಯಾಗಿದ್ದ ಗೊಬ್ಬರದಲ್ಲಿ ಎಲ್ಲೋ ಬಿದ್ದು ಹೋಯಿತು. ಬಿದ್ದ ಸದ್ದೂ ಆಗಲಿಲ್ಲ.

"ಅಯ್ಯೋ, ಅಯ್ಯೋ! ಥಾಂಬಾ!" ಹೊರಡಲು ಟ್ರ್ಯಾಕ್ಟರ್ ಏರುತ್ತಿದ್ದ ಡ್ರೈವರನಿಗೆ ನಿಲ್ಲು ಎಂದು ಕೈಬೀಸುತ್ತ ಸಾಹೇಬರು ಚೊಂಬು ಬಿಸುಟು ಓಡಿದರು. ಚಕ್ರದ ಮೇಲೆ ಕಾಲಿಟ್ಟು ಹತ್ತಿ, ಗೊಬ್ಬರದಲ್ಲಿ ಮೊಣಕಾಲಿನವರೆಗೆ ಹುಗಿದುಹೋದರು. ಭುಜಂಗರಾವ್ ಗುಂಡವ್ವನ ಮೇಲೆ ಕೈ ಎತ್ತಿಕೊಂಡು ಬಂದ. ಯಮನಪ್ಪ ನಡುವೆ ಬಂದು ನಿಂತ. ಸರಿಯಲಿಲ್ಲ. ಭುಜಂಗರಾವ್ ಎತ್ತಿದ ಕೈಯನ್ನು ಇಳಿಸಿ ಫೋನು ಒತ್ತಿದ. "ಸಾಹೇಬ್, ಗಾಡೀ ಪಾಠವಾ. ಲವಕರ," ಎಂದು ಬೇಗ ಜೀಪು ಕಳಿಸಲು ಪೋಲೀಸರಿಗೆ ಹೇಳತೊಡಗಿದ.

ಗುಂಡವ್ವ ಸಾಣಿಗೆಯನ್ನು ಒಯ್ದು ಟ್ರಾಲಿಯ ಚಕ್ರಕ್ಕೆ ಆನಿಸಿಟ್ಟಳು. ಬಂದು ಗಂಡನ ಕೈ ಹಿಡಿದು, ಅಂಗಳದ ಚಪ್ಪಡಿಗಲ್ಲಿನ ಮೇಲೆ ಅವನನ್ನು ಕೂರಿಸಿ ತಾನೂ ಕೂತಳು. ಬರುವವರು ಬರಲಿ ಎಂದು ರಸ್ತೆಯತ್ತ ನೋಡಿದಳು. ಮಾನ್ಯಾ ಬಂದು ತನ್ನ ನೀರಿನ ಬಾಟಲಿಯನ್ನು ಯಮನಪ್ಪನ ಕೈಗೆ ಕೊಟ್ಟಳು. ಅವನು ಗಟಗಟ ಕುಡಿದ.

ಟ್ರಾಲಿಯ ಮೇಲೆ ರಘೋತ್ತಮ ಸಾಹೇಬರು ಹೆಬ್ಬೆರಳು, ತೋರುಬೆರಳಿನಲ್ಲಿ ಒಂದೊಂದೇ ಲದ್ದಿಯ ಉಂಡೆ ಹಿಡಿದು ಎತ್ತಿ ನೋಡಿ ಎಸೆಯುತ್ತಿದ್ದರು. ಯಮನಪ್ಪ ಸ್ವಲ್ಪ ಹೊತ್ತು ಅದನ್ನೇ ನೋಡಿದ. ಊದಿದ ತುಟಿಯನ್ನು ತೋಳಿಗೆ ಒರೆಸಿಕೊಂಡ.

"ಅಂಗೈ ಹಚ್ರಿ ಸಾಹೇಬ್ರ," ಎಂದ. "ಬೆರಳ ತುದೀಲೆ ಸಿಗಂಗಿಲ್ಲ."